ಬಾಲವೆತ್ತಿದ ಬಿಲ್ಲೆಗಳು

ಸಂಗ್ರಹಬುದ್ಧಿಯು ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದುದೆಂದು ತೋರುವುದು. ಹೊಸದಾಗಿ ನಡೆಯಲು ಕಲಿತ ಮಗುವು ಅಂಗಳಕ್ಕಿಳಿದೊಡನೆ ಹರಳುಗಳನ್ನು ಆಯ್ದು ಮುಷ್ಟಿಯಲ್ಲಿ ಬಿಗಿಹಿಡಿಯುವುದನ್ನು ಕಾಣದ ಗೃಹಸ್ಥರಿಲ್ಲ. ದೊಡ್ಡವರಾದ ಮೇಲೆ ಕೆಲವರು ಅಂಚೆಚೀಟಿಗಳನ್ನೂ, ಕೆಲವರು ಹಳೆಯ ನಾಣ್ಯಗಳನ್ನೂ ಕೂಡಿಡುವರು. ಅಂಥವರಿಗೆ ಲೋಕದಲ್ಲಿ ಸ್ವಲ್ಪ ಮರ್ಯಾದೆಯುಂಟು. ನಾವು ಕೂಡಿಟ್ಟಿರುವ ವಸ್ತುಗಳಿಗಾದರೋ ಆ ಮರ್ಯಾದೆಯೂ ಇಲ್ಲ. ಅವು ವ್ಯಾಪಾರಿಗಳು ತಮ್ಮ ಸರಕನ್ನು ಜನರು ಕೊಳ್ಳಲೆಂದು ಅದರ ಜೊತೆಗೆ ಪುಕ್ಕಟೆಯಾಗಿ ಹಂಚಿದ ಬಿಲ್ಲೆಗಳು, ಜಾತ್ರೆ ಪ್ರದರ್ಶನಗಳ ನೆನಪಿಗಾಗಿ ಮಾಡಿದ ಅಗ್ಗದ ಪದಕಗಳು, ಮಕ್ಕಳ ಕೈಯಲ್ಲಿ ಸವೆದ ಬೊಂಬೆಗಳು. ಎಲ್ಲವುಗಳ ಮೇಲೂ ಇರುವುದು ಒಂದೇ ಕುಲದ ಪ್ರಾಣಿ: ಡೈನೋಸಾರ್. ನಮ್ಮ ಮನೆಯವರು ಇವಕ್ಕೆ “ಸತ್ತ ಪ್ರಾಣಿಯ ಸಲ್ಲದ ಕಾಸು” ಎಂದು ಹೆಸರಿಟ್ಟಿರುವರು. ಹೆಸರು ಒಪ್ಪುವಂತೆಯೇ ಇದೆ. ಆದರೂ ಈ ಸಲ್ಲದ ಕಾಸುಗಳಿಂದ ನಾವು ಕಲಿತುದು ಕೆಲವು ಉಂಟು. ಅದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಡೈನೋಸಾರ್ ಎಂಬ ಹೆಸರು ೧೮೪೨ರಲ್ಲಿ ಹುಟ್ಟಿತು. ಇಂಗ್ಲೆಂಡಿನ ರಿಚರ್ಡ್ ಓವನ್ ಎಂಬ ಶಾಸ್ತ್ರಜ್ಞನು ಗ್ರೀಕ್ ಭಾಷೆಯ ಎರಡು ಮಾತುಗಳನ್ನು ಕೂಡಿಸಿ, ‘ಭಯಂಕರವಾದ ಹಲ್ಲಿ’ ಎಂಬ ಅರ್ಥ ಬರುವಂತೆ ಆ ಹೆಸರನ್ನು ಕಟ್ಟಿದನು. ಆಗ ಆತನು ಆ ಗುಂಪಿಗೆ ಸೇರಿಸಿದ್ದು ಮೂರೇ ಪ್ರಾಣಿಗಳನ್ನು: ಮೆಗಲೋಸಾರಸ್, ಇಗ್ವಾನೊಡಾನ್, ಹೈಲಿಯೋಸಾರಸ್. ಬ್ರಿಟನ್ನಿನ ಟಂಕಸಾಲೆಯು ೨೦೨೦ರಲ್ಲಿ ಈ ಮೂರರ ಚಿತ್ರಗಳುಳ್ಳ ೫೦ ಪೆನ್ಸಿನ ನಾಣ್ಯಗಳನ್ನು ಹೊರಡಿಸಿತು. ಅದಕ್ಕೂ ಮುಂಚೆ, ೨೦೧೨ರಲ್ಲಿ, ಕೆನಡಾ ದೇಶದ ಟಂಕಸಾಲೆಯು ೨೫ ಸೆಂಟಿನ ಒಂದು ನಾಣ್ಯವನ್ನು ಹೊರಡಿಸಿದ್ದಿತು. ಬೆಳಕಿನಲ್ಲಿ ನೋಡಿದರೆ ಅದರ ಮೇಲೆ ಪ್ಯಾಕಿರೈನೊಸಾರಸ್ ಎಂಬ ಪ್ರಾಣಿಯ ರೂಪವು ಕಾಣುವುದು. ದೀಪವಾರಿಸಿದರೆ ಅದೇ ಪ್ರಾಣಿಯ ಎಲುಬುಗೂಡು ಕತ್ತಲೆಯಲ್ಲಿ ಹೊಳೆಯುವುದು! ಇವೆಲ್ಲ ಸರಕಾರದ ಮುದ್ರೆಯುಳ್ಳ, ಬೆಲೆ ಕೊಟ್ಟು ಕೊಳ್ಳತಕ್ಕ ನಾಣ್ಯಗಳು. ನಮ್ಮ ಬಿಲ್ಲೆಗಳ ವಂಶವೇ ಬೇರೆ. ಅವು ಅಂಗಡಿಯ ಮಕ್ಕಳು.

ಆ ವಂಶದ ಮೂಲಪುರುಷನನ್ನು ಹುಡುಕಹೊರಟವರು ಅಮೆರಿಕದ ಸಿಂಕ್ಲೇರ್ ಎಂಬ ಎಣ್ಣೆಯ ಕಂಪನಿಯ ಹೆಸರನ್ನು ದಾಟಿ ಹೋಗಲಾರರು. ೧೯೩೦ರಲ್ಲಿ ಆ ಕಂಪನಿಯವರು ತಮ್ಮ ಯಂತ್ರದೆಣ್ಣೆಯನ್ನು ಹೊಗಳಿಕೊಳ್ಳಲು ಒಂದು ಉಪಾಯ ಹೂಡಿದರು. ನೆಲದೊಳಗೆ ಎಣ್ಣೆಯು ಹಳತಾದಷ್ಟೂ ಗುಣವು ಹೆಚ್ಚು; ತಮ್ಮ ಎಣ್ಣೆಯಾದರೋ ಡೈನೋಸಾರ್‌ಗಳು ತಿರುಗಾಡುತ್ತಿದ್ದ ಕಾಲದಿಂದಲೂ ಪಕ್ವವಾಗುತ್ತಿದ್ದುದು ಎಂಬುದು ಅವರ ಮಾತು. ಜಾಹೀರಾತುಗಳಲ್ಲಿ ಹಲವು ಜಾತಿಯ ಡೈನೋಸಾರ್‌ಗಳನ್ನು ಬರೆಯಿಸಿದರು. ಕೋರೆಹಲ್ಲಿನವೂ ಕೊಂಬಿನವೂ ಇದ್ದರೂ, ಜನರ ಮನಸ್ಸು ಸೋತುದು ಉದ್ದ ಕೊರಳಿನ, ಎಲೆ ತಿನ್ನುವ, ಸಾಧುವಾದ ಬ್ರಾಂಟೋಸಾರಸಿಗೆ. ೧೯೩೨ರಲ್ಲಿ ಕಂಪನಿಯು ಅದನ್ನೇ ತನ್ನ ಮುದ್ರೆಯಾಗಿ ನೋಂದಾಯಿಸಿತು. ೧೯೩೩-೩೪ರ ಷಿಕಾಗೋ ಮಹಾಪ್ರದರ್ಶನದಲ್ಲಿ ಆಳೆತ್ತರವನ್ನು ಮೀರಿದ ಡೈನೋಸಾರ್ ಪ್ರತಿಮೆಗಳನ್ನು ನಿಲ್ಲಿಸಿ ಜನರನ್ನು ಬೆರಗುಗೊಳಿಸಿತು.

ಮಾರನೆಯ ವರ್ಷ, ಎಂದರೆ ೧೯೩೫ರಲ್ಲಿ, ನಡೆದುದು ನಮ್ಮಂಥ ಸಂಗ್ರಾಹಕರ ಪಾಲಿಗೆ ಪುರಾಣಪ್ರಸಂಗ. ಕಂಪನಿಯವರು ಡೈನೋಸಾರ್ ಚಿತ್ರಗಳನ್ನು ಅಂಟಿಸತಕ್ಕ ಒಂದು ಪುಸ್ತಕವನ್ನು ಅಚ್ಚುಹಾಕಿಸಿದರು. ಪುಸ್ತಕದ ಮನೆಗಳು ಖಾಲಿ. ಅವುಗಳಲ್ಲಿ ಅಂಟಿಸಬೇಕಾದ ಬಣ್ಣದ ಚೀಟಿಗಳು ಪೆಟ್ರೋಲ್ ಬಂಕುಗಳಲ್ಲಿ ದೊರೆಯುವುವು. ಆದರೆ ಎಲ್ಲವೂ ಒಂದೇ ದಿನ ದೊರೆಯುವುದಿಲ್ಲ, ವಾರಕ್ಕೊಂದರಂತೆ! ರೇಡಿಯೋದಲ್ಲಿ ಒಂದು ಸಾರಿ ಸಾರಿದ್ದಕ್ಕೆ ಮೊದಲ ಮುದ್ರಣವು ಎರಡೇ ದಿನಗಳಲ್ಲಿ ಮುಗಿದುಹೋಯಿತಂತೆ. ಕಂಪನಿಯ ಲೆಕ್ಕದಂತೆ ಒಟ್ಟು ಹಂಚಿದುದು ೪೦ ಲಕ್ಷ ಪುಸ್ತಕಗಳನ್ನು, ೪ ಕೋಟಿ ೮೦ ಲಕ್ಷ ಚೀಟಿಗಳನ್ನು. ಮಗುವು ವಾರವಾರವೂ ತಂದೆಯ ಅಂಗಿಯ ಚುಂಗನ್ನು ಎಳೆಯುವುದು. ತಂದೆಯು ಬೇರೆ ಬಂಕನ್ನು ಬಿಟ್ಟು ಅದೇ ಬಂಕಿಗೆ ಬಂಡಿಯನ್ನು ತಿರುಗಿಸುವನು. ಪುಕ್ಕಟೆಯ ಚೀಟಿಗೆ ಬೆಲೆ ತೆತ್ತವರು ಯಾರೆಂಬುದನ್ನು ವಾಚಕರೇ ಊಹಿಸಬಹುದು.

ಈ ಉಪಾಯವು ಮುದಿಯಾಗಿಲ್ಲ. ಕೆಲವು ವರ್ಷಗಳ ಕೆಳಗೆ ನಮ್ಮ ಊರಿನ ಅಂಗಡಿಗಳಲ್ಲಿ ಒಂದು ಕುರುಕುತಿಂಡಿಯ ಪೊಟ್ಟಣದೊಳಗೆ ಡೈನೋಸಾರ್ ಚಿತ್ರದ ಪ್ಲಾಸ್ಟಿಕ್ ಬಿಲ್ಲೆಗಳು ಬರತೊಡಗಿದುವು. ಒಟ್ಟು ಇಪ್ಪತ್ತನಾಲ್ಕು. ನಮ್ಮ ಮೊಮ್ಮಗಳಿಗೆ ಆಗ ಎಂಟು ವರ್ಷ. ಹದಿನೈದು ದಿನಗಳೊಳಗಾಗಿ ಅಡುಗೆಮನೆಯ ಗೂಡಿನಲ್ಲಿ ಬಾಯಿ ತೆರೆದ ಪೊಟ್ಟಣಗಳು ಸಾಲುಗಟ್ಟಿ ನಿಂತುವು; ಬಿಲ್ಲೆ ಹೊರಗೆ ಬಂದಿತ್ತು, ತಿಂಡಿ ಮೆತ್ತಗಾಗಿತ್ತು. ಸೊಸೆಯು, “ಮಾವಾ, ನಿಮ್ಮ ಹವ್ಯಾಸವೇ ಇವಳಿಗೂ ಅಂಟಿತು, ಇದಕ್ಕೊಂದು ಕಟ್ಟು ನೀವೇ ಹಾಕಿಕೊಡಿ” ಎಂದಳು. ನ್ಯಾಯವಾದ ಮಾತು. ನಾವು ಮೊಮ್ಮಗಳನ್ನು ಕೂರಿಸಿಕೊಂಡು ಎರಡು ಕಟ್ಟಳೆಗಳನ್ನು ಮಾಡಿದೆವು. ಬಿಲ್ಲೆಯಿಲ್ಲದಿದ್ದರೂ ತಿನ್ನುತ್ತಿದ್ದೆ ಎನ್ನುವಷ್ಟು ಹಸಿವಿದ್ದರೆ ಮಾತ್ರ ಪೊಟ್ಟಣವನ್ನು ಕೊಳ್ಳತಕ್ಕದ್ದು. ಇಲ್ಲದ ಬಿಲ್ಲೆಯನ್ನು ಗೆಳತಿಯರೊಡನೆ ಬದಲು ಮಾಡಿಕೊಂಡು ಪಡೆಯತಕ್ಕದ್ದೇ ಹೊರತು ಹೊಸ ಪೊಟ್ಟಣ ಒಡೆದು ಪಡೆಯತಕ್ಕದ್ದಲ್ಲ. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಶಾಲೆಯ ಜಗಲಿಯಲ್ಲಿ ಅವಳ ವಿನಿಮಯ ವ್ಯಾಪಾರವು ಭರದಿಂದ ಸಾಗಿತು. ಇಪ್ಪತ್ತೊಂದು ಬಿಲ್ಲೆಗಳು ಸೇರಿದುವು. ಮೂರು ಸೇರಲೇ ಇಲ್ಲ. ಆ ಮೂರು ಖಾಲಿ ಮನೆಗಳನ್ನು ಅವಳು ಇಂದಿಗೂ ಹಾಗೆಯೇ ಇಟ್ಟಿರುವಳು. ಎಲ್ಲವೂ ತುಂಬಿದ ಪೆಟ್ಟಿಗೆಗಿಂತ ಖಾಲಿ ಮನೆಯನ್ನು ಸಹಿಸಬಲ್ಲ ಮನಸ್ಸು ಹೆಚ್ಚಿನ ಸಂಪತ್ತೆಂದು ನಾವು ನಂಬುವೆವು.

ಹಾಗೆಂದು ವ್ಯಾಪಾರಿಯ ಹಣದಿಂದ ಆದುದೆಲ್ಲವೂ ಮೋಸವೆನ್ನಲಾಗದು. ಅದೇ ಸಿಂಕ್ಲೇರ್ ಕಂಪನಿಯು ನ್ಯೂಯಾರ್ಕಿನ ಪ್ರಕೃತಿ ಇತಿಹಾಸದ ವಸ್ತುಸಂಗ್ರಹಾಲಯದ ಬಾರ್ನಮ್ ಬ್ರೌನ್ ಎಂಬ ಪ್ರಖ್ಯಾತ ಶೋಧಕರಿಗೆ ದ್ರವ್ಯಸಹಾಯ ಮಾಡಿತು. ಆ ಸಹಾಯದಿಂದ ೧೯೩೪ರಲ್ಲಿ ವಯೋಮಿಂಗ್ ಸೀಮೆಯ ಹೋವ್ ಎಂಬಲ್ಲಿ ಅಗೆದಾಗ ಸುಮಾರು ೪,೦೦೦ ಎಲುಬುಗಳು ದೊರೆತುವು. ಎಣ್ಣೆ ಮಾರಿದ ಹಣದಲ್ಲಿ ಒಂದು ಪಾಲು ಹೀಗೆ ವಿದ್ಯೆಗೂ ಸಂದಿತು.

೧೯೬೪-೬೫ರಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಮಹಾಪ್ರದರ್ಶನ ನಡೆಯಿತು. ಅಲ್ಲಿಗೆ ಸಿಂಕ್ಲೇರ್ ಕಂಪನಿಯು ಲೂಯಿ ಪಾಲ್ ಜೋನಾಸ್ ಎಂಬ ಶಿಲ್ಪಿಯಿಂದ ಒಂಬತ್ತು ಡೈನೋಸಾರ್‌ಗಳನ್ನು ನಿಜಪ್ರಮಾಣದಲ್ಲಿ ಮಾಡಿಸಿತು. ಗಾಜಿನ ನಾರಿನಿಂದ ಮಾಡಿದ ಆ ಪ್ರತಿಮೆಗಳು ದೋಣಿಯ ಮೇಲೆ ನಿಂತು ಹಡ್ಸನ್ ನದಿಯಲ್ಲಿ ಮೆರವಣಿಗೆಯಾಗಿ ಬಂದುವು. ಪ್ರದರ್ಶನದಲ್ಲಿ ಒಂದು ಯಂತ್ರವಿತ್ತು: ಕಾಸು ಹಾಕಿದರೆ ಅಚ್ಚಿನ ಎರಡು ಹೋಳುಗಳು ಕೂಡಿಕೊಂಡು, ನೋಡುನೋಡುತ್ತಿರುವಂತೆಯೇ ಒಂದು ಬೊಂಬೆ ಡೈನೋಸಾರನ್ನು ಎರೆದು, ಬಿಸಿಬಿಸಿಯಾಗಿ ಕೈಗೆ ಕೊಡುವುದು. ಅಂಥ ಒಂದು ಹಸುರು ಬ್ರಾಂಟೋಸಾರಸ್ ನಮ್ಮ ಪೆಟ್ಟಿಗೆಯಲ್ಲಿದೆ. ಟೆಕ್ಸಾಸ್ ಸೀಮೆಯಲ್ಲಿ ನೆಲಸಿರುವ ನಮ್ಮ ಮಗಳು ಹಳೆಯ ಸಾಮಾನುಗಳ ಸಂತೆಯೊಂದರಲ್ಲಿ ಅದನ್ನು ಕಂಡು ಕಳುಹಿಸಿದಳು. ಅದರ ಕೊರಳಿನಲ್ಲಿ ಒಂದು ಸೀಳು ಇದೆ. ಯಾವುದೋ ಮಗುವು ಅದನ್ನು ಕೊರಳು ಹಿಡಿದೇ ಎತ್ತಿಕೊಂಡು ತಿರುಗಿರಬೇಕು.

ಮಗಳ ಮನೆಗೆ ಹೋಗಿದ್ದಾಗ ನಾವು ಗ್ಲೆನ್ ರೋಸ್ ಊರಿನ ಸಮೀಪದ ಡೈನೋಸಾರ್ ಕಣಿವೆಯ ಉದ್ಯಾನವನ್ನು ನೋಡಿಬಂದೆವು. ಪ್ರದರ್ಶನದ ಪ್ರತಿಮೆಗಳಲ್ಲಿ ಎರಡು ೧೯೭೦ರಿಂದ ಅಲ್ಲಿ ನಿಂತಿರುವುವು: ೭೦ ಅಡಿಯ ಬ್ರಾಂಟೋಸಾರಸ್ ಒಂದು, ೪೫ ಅಡಿಯ ಟೈರನೋಸಾರಸ್ ಇನ್ನೊಂದು. ಟೈರನೋಸಾರಸ್ ಮನುಷ್ಯನಂತೆ ನೆಟ್ಟಗೆ ನಿಂತು ಬಾಲವನ್ನು ನೆಲಕ್ಕೆ ಊರಿಕೊಂಡಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಪಲಕ್ಸಿ ಎಂಬ ಹೊಳೆಯು ಹರಿಯುವುದು. ನೀರು ಇಳಿದಾಗ ಅದರ ಬಂಡೆಯ ತಳದಲ್ಲಿ ಸುಮಾರು ೧೧ ಕೋಟಿ ವರ್ಷಗಳ ಹಿಂದೆ ಕೆಸರಿನಲ್ಲಿ ನಡೆದುಹೋದ ನಿಜವಾದ ಡೈನೋಸಾರ್‌ಗಳ ಹೆಜ್ಜೆಗಳು ಕಾಣುವುವು. ಒಂದೊಂದು ಹೆಜ್ಜೆಯಲ್ಲಿ ಮಗುವೊಂದು ಕುಳಿತು ಸ್ನಾನ ಮಾಡಬಹುದು. ನಾವು ಆ ಹೆಜ್ಜೆಗಳ ಸಾಲನ್ನು ಬಹಳ ಹೊತ್ತು ನೋಡಿದೆವು. ಎಡ, ಬಲ, ಎಡ, ಬಲ. ನಡುವೆ ಬಾಲವನ್ನು ಎಳೆದ ಗೆರೆ ಇಲ್ಲ. ಇಂಥ ಹೆಜ್ಜೆಸಾಲುಗಳಲ್ಲಿ ಆ ಗೆರೆಯು ಕಾಣುವುದು ಎಲ್ಲೆಲ್ಲಿಯೂ ಬಹು ವಿರಳವೆಂದು ಬಲ್ಲವರು ಹೇಳುವರು. ಪ್ರತಿಮೆಯು ಬಾಲವೂರಿ ನಿಂತಿರಲು, ಹೊಳೆಯ ಬಂಡೆಯು ಬಾಲವೆತ್ತಿಯೇ ನಡೆದೆವೆಂದು ಸಾಕ್ಷಿ ನುಡಿಯುತ್ತಿತ್ತು.

ಊರಿಗೆ ಹಿಂದಿರುಗಿದ ಮೇಲೆ ನಾವು ಪೆಟ್ಟಿಗೆಯನ್ನು ತೆರೆದು ಬಿಲ್ಲೆಗಳನ್ನು ಹೊಸ ರೀತಿಯಲ್ಲಿ ಹರವಿದೆವು. ಅದುವರೆಗೆ ಲೋಹದವು ಒಂದು ಕಡೆ, ಪ್ಲಾಸ್ಟಿಕ್ಕಿನವು ಒಂದು ಕಡೆ ಇದ್ದುವು. ಈಗ ಬಾಲವನ್ನು ನೋಡಿ ವಿಂಗಡಿಸಿದೆವು. ಬಹುಮಟ್ಟಿಗೆ ಹಳೆಯವುಗಳಲ್ಲಿ ಬಾಲವು ನೆಲದ ಮೇಲೆ ಹೊರಳಿದೆ. ಪ್ರಾಣಿಯು ಜವುಗಿನಲ್ಲಿ ನಿಂತ ಸೋಮಾರಿಯಂತಿದೆ. ಈಚಿನವುಗಳಲ್ಲಿ ಬೆನ್ನು ಅಡ್ಡವಾಗಿ, ಬಾಲವು ತಕ್ಕಡಿಯ ದಂಡದಂತೆ ಗಾಳಿಯಲ್ಲಿ ನಿಂತಿದೆ. ಈ ಎರಡರ ನಡುವೆ ಇರುವುದು ಒಂದು ದೊಡ್ಡ ವಿಚಾರಕ್ರಾಂತಿ. ೧೯೬೯ರಲ್ಲಿ ಜಾನ್ ಆಸ್ಟ್ರಮ್ ಎಂಬ ಅಮೆರಿಕದ ಪಂಡಿತರು ಡೈನೋನಿಕಸ್ ಎಂಬ ಪ್ರಾಣಿಯನ್ನು ವರ್ಣಿಸಿ, ಅದು ಬಿರುಸಾದ ಬಾಲವನ್ನು ಹಿಂದಕ್ಕೆ ಚಾಚಿ ಸಮತೂಕದಿಂದ ಓಡುತ್ತಿದ್ದ ಚುರುಕು ಜೀವಿಯೆಂದು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಡೈನೋಸಾರ್ ಸೋಮಾರಿಯೆಂಬ ಮಾತು ಹಿಂದೆ ಸರಿಯಿತು. ೧೯೯೬ರಲ್ಲಿ ಚೀನಾ ದೇಶದಿಂದ ಸೈನೋಸಾರೊಪ್ಟೆರಿಕ್ಸ್ ಎಂಬ, ಮೈಮೇಲೆ ಗರಿಯಂಥ ನವಿರುಳ್ಳ ಪ್ರಾಣಿಯು ಹೊರಬಿದ್ದಿತು. ನಮ್ಮ ಪೆಟ್ಟಿಗೆಯಲ್ಲಿ ಗರಿಯುಳ್ಳ ಬಿಲ್ಲೆಗಳು ನಾಲ್ಕೇ. ಅವು ನಾಲ್ಕೂ ಹೊಸವು. ಹೀಗೆ ಇಸವಿ ಮುದ್ರಿಸದ ಬಿಲ್ಲೆಯ ಕಾಲವನ್ನು ಅದರ ಬಾಲವೇ ಹೆಚ್ಚುಕಡಿಮೆ ಹೇಳಿಬಿಡುವುದು. ಪ್ರಾಣಿಯು ಬದಲಾಗಿಲ್ಲ, ಅದು ಎಂದೋ ಕಲ್ಲಾಗಿದೆ. ಬದಲಾದುದು ನಮ್ಮ ತಿಳಿವು.

ಮೊಮ್ಮಗಳು ಈ ಆಟದಲ್ಲಿ ನಮ್ಮನ್ನು ಮೀರಿಸಿದಳು. ಬೆನ್ನಿನ ಮೇಲೆ ಹಾಯಿಯಂಥ ರೆಕ್ಕೆಯುಳ್ಳ ಒಂದು ಬಿಲ್ಲೆಯನ್ನು ಎತ್ತಿ, “ತಾತಾ, ಇದನ್ನು ಯಾಕೆ ಇಲ್ಲಿ ಸೇರಿಸಿದ್ದಾರೆ? ಇದು ಡೈಮೆಟ್ರೊಡಾನ್, ಡೈನೋಸಾರೇ ಅಲ್ಲ” ಎಂದಳು. ನಿಜ. ಅದು ಡೈನೋಸಾರ್‌ಗಳು ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಅಳಿದ ಪ್ರಾಣಿ. ವಂಶದಲ್ಲಿ ಅದು ನಮ್ಮಂಥ ಮೊಲೆಯುಣಿಸುವ ಜೀವಿಗಳಿಗೇ ಹೆಚ್ಚು ಹತ್ತಿರದ ನಂಟ. ಬ್ರಾಂಟೋಸಾರಸಿನ ಹೆಸರಿನ ಕಥೆಯನ್ನೂ ಅವಳಿಗೆ ಹೇಳಿದೆವು. ೧೮೭೯ರಲ್ಲಿ ಇಟ್ಟ ಆ ಹೆಸರು, ೧೯೦೩ರಲ್ಲಿ, ಆ ಪ್ರಾಣಿಯು ಮೊದಲೇ ಹೆಸರು ಪಡೆದಿದ್ದ ಅಪಾಟೋಸಾರಸ್ ಕುಲದ್ದೇ ಎಂಬ ಕಾರಣದಿಂದ ಶಾಸ್ತ್ರಗ್ರಂಥಗಳಿಂದ ಹೊರಬಿತ್ತು. ಎಣ್ಣೆಯ ಕಂಪನಿಯೂ ಮಕ್ಕಳೂ ಅದನ್ನು ಬಿಡಲಿಲ್ಲ. ೨೦೧೫ರಲ್ಲಿ ಕೆಲವು ಪಂಡಿತರು ಎಲುಬುಗಳನ್ನು ಪುನಃ ಅಳೆದು, ಎರಡೂ ಬೇರೆಯೇ ಎಂದು ವಾದಿಸಿ, ಆ ಹೆಸರಿಗೆ ಮರುಹುಟ್ಟು ಕೊಟ್ಟರು.

ಆದರೆ ಬಿಲ್ಲೆಯು ಕಲಿಸಿದ ತಪ್ಪುಪಾಠವೂ ಒಂದುಂಟು. ಎಣ್ಣೆಯ ಮೇಲೆ ಡೈನೋಸಾರಿನ ಮುದ್ರೆಯನ್ನು ನೋಡಿ ನೋಡಿ, ಪೆಟ್ರೋಲು ಡೈನೋಸಾರ್‌ಗಳ ಕೊಬ್ಬಿನಿಂದಲೇ ಆದುದೆಂದು ಎಷ್ಟೋ ಮಂದಿ ನಂಬಿರುವರು. ವಾಸ್ತವವಾಗಿ ಅದು ಬಹುತೇಕ ಪುರಾತನ ಸಮುದ್ರಗಳ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೂ ಪಾಚಿಯೂ ತಳದಲ್ಲಿ ಹೂತು, ಕೋಟ್ಯಂತರ ವರ್ಷ ಬೆಂದು ಆದ ದ್ರವ. ಪುಕ್ಕಟೆಯಾಗಿ ಬಂದ ವಿದ್ಯೆಯನ್ನು ಒಮ್ಮೆ ಜರಡಿ ಹಿಡಿಯದೆ ಮನೆಯೊಳಕ್ಕೆ ಬಿಟ್ಟುಕೊಳ್ಳಬಾರದೆಂಬುದಕ್ಕೆ ಇದೇ ನಿದರ್ಶನ.

ನಮ್ಮ ದೇಶದ ಡೈನೋಸಾರ್ ಯಾವುದೆಂದು ಮೊಮ್ಮಗಳು ಕೇಳದೆ ಇರುವಳೆ? ೧೮೨೮ರಲ್ಲಿಯೇ ಜಬ್ಬಲಪುರದ ಬಳಿ ಸ್ಲೀಮನ್ ಎಂಬ ಸೇನಾಧಿಕಾರಿಗೆ ಅಂಥ ಎಲುಬುಗಳು ದೊರೆತಿದ್ದುವು. ನರ್ಮದೆಯ ಹೆಸರನ್ನು ಹೊತ್ತ ರಾಜಸಾರಸ್ ಎಂಬ ಮಾಂಸಾಹಾರಿಯನ್ನು ೨೦೦೩ರಲ್ಲಿ ಗುಜರಾತಿನ ಎಲುಬುಗಳಿಂದ ವರ್ಣಿಸಿದರು. ಬೆಂಗಳೂರಿನ ನೆಲದಲ್ಲಿ ಮಾತ್ರ ಅವನ್ನು ಹುಡುಕುವುದು ವ್ಯರ್ಥ. ಲಾಲ್‌ಬಾಗಿನ ಬಂಡೆಗೆ ಸುಮಾರು ೩೦೦ ಕೋಟಿ ವರ್ಷ. ಡೈನೋಸಾರ್‌ಗಳು ಅದರ ಮುಂದೆ ನಿನ್ನೆ ಮೊನ್ನೆಯ ಕೂಸುಗಳು. ಆದರೆ ವಿಜಯಪುರದ ಕಡೆಯ ಕರಿಕಲ್ಲು ಡೈನೋಸಾರ್‌ಗಳು ಅಳಿದ ಕಾಲದಲ್ಲಿ, ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಕಾದು ಹರಿದ ಲಾವಾರಸದ್ದು. ಗೋಳಗುಮ್ಮಟವು ಆ ಬಗೆಯ ಕಲ್ಲಿನಿಂದಲೇ ಎದ್ದು ನಿಂತಿದೆ. ಇದನ್ನು ಕೇಳಿದ ಮೊಮ್ಮಗಳು, ಪೆಟ್ಟಿಗೆಯಲ್ಲಿ ರಾಜಸಾರಸಿನ ಬಿಲ್ಲೆಯಿಲ್ಲವೆಂದು ರಟ್ಟನ್ನು ದುಂಡಗೆ ಕತ್ತರಿಸಿ ತಾನೇ ಒಂದನ್ನು ಬರೆದು ಇಟ್ಟಳು. ಬಾಲವನ್ನು ಮೇಲಕ್ಕೇ ಎತ್ತಿರುವಳು.

ಪೆಟ್ಟಿಗೆಯ ಒಂದೊಂದು ವಸ್ತುವಿಗೂ ನಾವು ಚೀಟಿ ಬರೆದಿಡುತ್ತ ಬಂದಿರುವೆವು: ಎಲ್ಲಿ ಬಂದುದು, ಯಾರು ಕೊಟ್ಟರು, ಯಾವ ಸರಕಿನ ಜೊತೆ, ಚಿತ್ರದಲ್ಲಿ ಸರಿಯೆಷ್ಟು ತಪ್ಪೆಷ್ಟು. ಈ ಅಭ್ಯಾಸಕ್ಕೆ ಕಾರಣವಾದುದು ನಮ್ಮ ಸೋದರಮಾವನವರ ಪೆಟ್ಟಿಗೆಯ ಗತಿ. ಅವರು ನಲವತ್ತು ವರ್ಷ ಬೆಂಕಿಪೆಟ್ಟಿಗೆಯ ಚಿತ್ರಗಳನ್ನೂ ಕಂಪನಿಗಳ ಹಿತ್ತಾಳೆ ಬಿಲ್ಲೆಗಳನ್ನೂ ಕೂಡಿಸಿದ್ದರು. ಒಂದೊಂದರ ಕಥೆಯೂ ಅವರ ನಾಲಿಗೆಯ ಮೇಲಿತ್ತು, ಕಾಗದದ ಮೇಲೆ ಒಂದೂ ಇರಲಿಲ್ಲ. ಅವರು ತೀರಿಕೊಂಡ ವರ್ಷವೇ, ಮನೆ ಬದಲಾಯಿಸುವ ಗಡಿಬಿಡಿಯಲ್ಲಿ, ಹಿತ್ತಾಳೆಯು ತೂಕಕ್ಕೆ ಹೋಯಿತು. ಚಿತ್ರಗಳು ಬಚ್ಚಲೊಲೆಗೆ ಹೋದುವು. ಮನೆಯವರಲ್ಲಿ ದೋಷವಿಲ್ಲ. ಮೂಕವಾದ ವಸ್ತುವನ್ನು ಗುಜರಿಯವನ ತಕ್ಕಡಿಯಲ್ಲದೆ ಇನ್ನಾವುದು ಅಳೆಯಬಲ್ಲುದು?

ಕಳೆದ ವರ್ಷ ಇಂಥ ವಸ್ತುಗಳ ವ್ಯಾಪಾರಿಯೊಬ್ಬರು ಮನೆಗೆ ಬಂದು ಪೆಟ್ಟಿಗೆಯನ್ನು ನೋಡಿದರು. ಸಭ್ಯರು. ಲೋಹದ ಪದಕಗಳಿಗೂ ಹಸುರು ಬೊಂಬೆಗೂ ಒಳ್ಳೆಯ ಮೊತ್ತವನ್ನೇ ಹೇಳಿದರು. ಮನೆಯ ಮಾಳಿಗೆಯ ಸೋರಿಕೆಯನ್ನು ನಿಲ್ಲಿಸಬೇಕಾಗಿದ್ದ ಕಾಲ. ಆ ಹಣವು ಬೇಡವೆನ್ನುವ ಸ್ಥಿತಿ ನಮ್ಮದಲ್ಲ. ನಮ್ಮ ಮನೆಯವರು ಒಂದು ಮಾತನ್ನೂ ಆಡದೆ ಕಾಫಿಯ ಲೋಟವನ್ನು ತಂದಿಟ್ಟು ಬಾಗಿಲಲ್ಲಿ ನಿಂತರು. ವ್ಯಾಪಾರಿಯು ತನಗೆ ಬೇಕಾದವನ್ನು ಆರಿಸಿ, ಒಂದೊಂದರ ಕೆಳಗಿದ್ದ ಚೀಟಿಯನ್ನು ತೆಗೆದು ಬದಿಗೆ ಇಡುತ್ತ ಬಂದರು. “ಚೀಟಿಗಳನ್ನು ತೆಗೆದುಕೊಳ್ಳುವುದಿಲ್ಲವೆ?” ಎಂದೆವು. “ಅದು ನನಗೆ ಬೇಡ ಸ್ವಾಮಿ, ಅದಕ್ಕೆ ಗಿರಾಕಿಯಿಲ್ಲ” ಎಂದರು. ಆಗ ಬಾಗಿಲಿನಿಂದ ನಮ್ಮ ಮನೆಯವರ ಧ್ವನಿ ಬಂದಿತು: “ಹಾಗಾದರೆ ಬಿಡಿ. ಚೀಟಿ ಬರೆದ ಮಗು ಶಾಲೆಯಿಂದ ಬಂದರೆ ಏನು ಹೇಳೋಣ?” ಮಾಳಿಗೆಯನ್ನು ಆ ಮಳೆಗಾಲದಲ್ಲಿ ಟಾರ್ಪಾಲಿನಿಂದಲೇ ಕಾಪಾಡಿದೆವು, ದುರಸ್ತಿಯು ಸಂಕ್ರಾಂತಿಯ ಮೇಲೆ ಆಯಿತು. ಒಂದಕ್ಕಿಂತ ಹೆಚ್ಚಿಗೆ ಇದ್ದ ಹನ್ನೆರಡು ಬಿಲ್ಲೆಗಳನ್ನು, ಚೀಟಿಗಳ ಪ್ರತಿಯೊಡನೆ, ಮೊಮ್ಮಗಳ ಶಾಲೆಗೆ ಕೊಟ್ಟೆವು.

ಇಂಥ ಹವ್ಯಾಸವುಳ್ಳ ಗೃಹಸ್ಥರಿಗೆ ಎರಡು ಮಾತು ಹೇಳಿ ಮುಗಿಸುವೆವು. ಹಿತ್ತಾಳೆ ತಾಮ್ರಗಳ ಬಿಲ್ಲೆಗಳನ್ನು ಹುಣಿಸೆಹಣ್ಣಿನಿಂದಾಗಲಿ ಪಾಲಿಷಿನಿಂದಾಗಲಿ ಉಜ್ಜಬಾರದು. ಹೊಳಪು ಬರುವುದು, ಗೆರೆಗಳು ಹೋಗುವುವು. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಇಟ್ಟರೆ ಕಾಲಕ್ರಮದಲ್ಲಿ ಲೋಹವು ಜಿಗುಟಾಗಿ ಹಸುರುಗಟ್ಟುವುದು. ಒಣಗಿದ ಕಾಗದದ ಲಕೋಟೆಯೇ ಲೇಸು. ಅಂಚನ್ನು ಹಿಡಿದು ಎತ್ತತಕ್ಕದ್ದು. ಎಲ್ಲಕ್ಕೂ ಮಿಗಿಲಾಗಿ, ಬಿಲ್ಲೆ ಮನೆಗೆ ಬಂದ ದಿನವೇ ಚೀಟಿಯನ್ನು ಬರೆಯತಕ್ಕದ್ದು; ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿದರೆ ಇನ್ನೂ ಉತ್ತಮ. ನಮ್ಮ ಮೊಮ್ಮಗಳು ಒಂದು ಹಳೆಯ ಬಿಲ್ಲೆಯ ಚೀಟಿಯಲ್ಲಿ ಹೀಗೆ ಬರೆದಿರುವಳು: “ಬಾಲ ತಪ್ಪು. ಆಗ ಅವರಿಗೆ ಗೊತ್ತಿರಲಿಲ್ಲ.” ಆ ಚೀಟಿಯ ಕೆಳಗೆ ನಾವು ಒಂದಿಷ್ಟು ಜಾಗವನ್ನು ಖಾಲಿಯಾಗಿ ಬಿಡಿಸಿರುವೆವು. ಮುಂದಿನವರು ನಮ್ಮ ತಪ್ಪನ್ನೂ ಅಲ್ಲಿ ಬರೆಯಬೇಕಾಗಬಹುದು.